ನಾವುಂದದ ಒಂದು ಪ್ರಶ್ನೆ: ಕೋವಿಯ ಬಾಯಿ ಮತ್ತು ಸರಕಾರದ ಅಳತೆ

ಕುಂದಾಪುರದಿಂದ ಬೈಂದೂರಿಗೆ ಹೋಗುವ ಹೆದ್ದಾರಿಯಲ್ಲಿ ಮರವಂತೆಯ ಕಡಲನ್ನೂ ಸೌಪರ್ಣಿಕೆಯನ್ನೂ ದಾಟಿದ ಮೇಲೆ ಸಿಗುವ ಊರು ನಾವುಂದ. ಪಡುವಲಲ್ಲಿ ಸಮುದ್ರ, ಮೂಡಲಲ್ಲಿ ಗದ್ದೆ, ತೆಂಗಿನ ತೋಟ, ಅದರಾಚೆ ಗುಡ್ಡ, ಗುಡ್ಡದಾಚೆ ಕೊಲ್ಲೂರಿನ ಕಡೆಯ ಘಟ್ಟದ ಕಾಡು. ಕೆಲವು ತಿಂಗಳ ಹಿಂದೆ ಆ ಊರಿನ ಬಂಧುಗಳ ಮನೆಯ ಜಗಲಿಯಲ್ಲಿ ನಾವು ಕುಳಿತಿದ್ದಾಗ, ನೆರೆಮನೆಯ ಹಿರಿಯರೊಬ್ಬರು ಬಂದು, ನಾವು ಚರಿತ್ರೆಯ ಅಧ್ಯಾಪಕರೆಂದು ತಿಳಿದು, ಚರಿತ್ರೆಗೆ ಸಂಬಂಧವೇ ಇಲ್ಲವೆಂದು ತೋರುವ ಒಂದು ಪ್ರಶ್ನೆಯನ್ನು ಕೇಳಿದರು. “ಹ್ವಾಯ್ ಮಾಷ್ಟ್ರೇ, ಕಡ್ಮಿ ಕ್ರಯಕ್ಕೆ ಒಂದ್ ಪಿಸ್ತೂಲ್ ಸಿಕ್ಕುದಿಲ್ಯಾ? ಕೇಣ್ದಲ್ಲೆಲ್ಲ ಬತ್ತೀಸ್ ಬೋರ್ ಅಂಬ್ರ್. ಬೇರೆ ಅಳತಿ ಇಲ್ಯಾ?”

ಅವರಿಗೆ ಮೂಡುಬದಿಯಲ್ಲಿ ಒಂದು ತೋಟವಿದೆ. ಅಜ್ಜನ ಕಾಲದ ಕೇಪಿನ ಕೋವಿಯೊಂದು ಪರವಾನಗಿಯ ಸಮೇತ ಮನೆಯಲ್ಲಿದೆ. ಮಕ್ಕಳು ದೂರದ ಊರುಗಳಲ್ಲಿ. ಮನೆಯಲ್ಲಿ ಗಂಡಹೆಂಡಿರು ಇಬ್ಬರೇ. ವಯಸ್ಸಾದ ಕೈಗೆ ಉದ್ದ ಕೋವಿಗಿಂತ ಸಣ್ಣದೊಂದು ಆಯುಧ ಅನುಕೂಲವೆಂದು ಅವರ ಎಣಿಕೆ. ಅಂಥ ಆಯುಧದಿಂದ ಅವರ ಮನೆ ಸುರಕ್ಷಿತವಾದೀತೇ ಎಂಬುದರಲ್ಲಿ ನಮಗೆ ಸಂಶಯವಿದೆ. ಅದನ್ನು ಅವರಿಗೂ ಹೇಳಿದೆವು. ಆದರೆ ಅವರ ಪ್ರಶ್ನೆಯ ಎರಡನೆಯ ಭಾಗ ನಮ್ಮನ್ನು ಬಿಡಲಿಲ್ಲ. ಎಲ್ಲಿ ಕೇಳಿದರೂ ಬತ್ತೀಸು, ಎಂದರೆ ಅಂಗುಲದ ನೂರರಲ್ಲಿ 32 ಭಾಗದ ಬಾಯಿ, ಏತಕ್ಕೆ? ಪ್ರಪಂಚದ ಇತರ ಕಡೆಗಳಲ್ಲಿ ಹೆಚ್ಚುಕಡಮೆ ಮೂಲೆಗೆ ಬಿದ್ದಿರುವ ಒಂದು ಅಳತೆ ನಮ್ಮ ದೇಶದಲ್ಲಿ ಮಾತ್ರ ಮನೆಮಾತಾಗಿರುವುದು ಹೇಗೆ? ಇದಕ್ಕೆ ಉತ್ತರ ಅಂಗಡಿಯಲ್ಲಿ ಸಿಗತಕ್ಕದ್ದಲ್ಲ.

ಮೊದಲು ಕೋವಿಗೆ ಅಳತೆಯ ಅಂಕಿಯೇ ಇಲ್ಲದಿದ್ದ ಕಾಲವನ್ನು ನೆನೆಯಬೇಕು. ಪೋರ್ತುಗೀಸರು 1569ರಲ್ಲಿ ಬಸರೂರಿನಲ್ಲಿ ನೆಲೆಯೂರಿದರು. ಅವರನ್ನು 1650ರ ದಶಕದ ಮೊದಲ ಭಾಗದಲ್ಲಿ ಕೆಳದಿಯ ಶಿವಪ್ಪನಾಯಕನು ಈ ಕರಾವಳಿಯ ಕೋಟೆಗಳಿಂದ ಹೊರದೂಡಿದನು. ಈ ನಡುವಣ ಶತಮಾನದಲ್ಲಿ ಬತ್ತಿಯ ಬೆಂಕಿಯಿಂದ ಹಾರುವ ತುಪಾಕಿ ನಮ್ಮ ಕರಾವಳಿಗೆ ಹೊಸದಾಗಿ ಉಳಿಯಲಿಲ್ಲ. ಅಂದಿನ ನಳಿಗೆಯನ್ನು ಕಮ್ಮಾರನು ಕಬ್ಬಿಣದ ಪಟ್ಟಿಯನ್ನು ಸುತ್ತಿ ಬೆಸೆದು ಮಾಡುತ್ತಿದ್ದನು. ಅದರ ಒಳಬಾಯಿ ಎಷ್ಟಾಯಿತೋ ಅಷ್ಟು. ಒಂದು ನಳಿಗೆಯಂತೆ ಇನ್ನೊಂದಿಲ್ಲ. ಆದರೂ ಒಡೆಯನಿಗೆ ಇದರಿಂದ ತೊಂದರೆಯಿರಲಿಲ್ಲ. ಏಕೆಂದರೆ ಕೋವಿಯ ಸಂಗಡ ಅದರ ಬಾಯಿಗೆ ಒಪ್ಪುವ ಗುಂಡಿನ ಅಚ್ಚೂ ಬರುತ್ತಿತ್ತು. ಸೀಸ ಪೇಟೆಯಲ್ಲಿ ಸಿಕ್ಕುವ ವಸ್ತು. ಒಲೆಯ ಮೇಲೆ ಕರಗಿಸಿ ಅಚ್ಚಿಗೆ ಹೊಯ್ದರೆ ಗುಂಡು ಸಿದ್ಧ. ಯೂರೋಪಿನ ಶ್ರೀಮಂತರು ಕೊಳ್ಳುತ್ತಿದ್ದ ಜೋಡಿ ಪಿಸ್ತೂಲಿನ ಪೆಟ್ಟಿಗೆಯಲ್ಲಿಯೂ ಇಂಥ ಅಚ್ಚಿಗೊಂದು ಗೂಡು ಇರುತ್ತಿತ್ತು. ಶ್ರೀರಂಗಪಟ್ಟಣದಲ್ಲಿ ಟೀಪುವಿನ ಕಾರ್ಖಾನೆಗಳು ಹುಲಿಪಟ್ಟೆಯ ಚಿತ್ತಾರದಿಂದ ಅಲಂಕರಿಸಿ ತಯಾರಿಸಿದ ಕೋವಿ ಪಿಸ್ತೂಲುಗಳೂ ಈ ಯುಗಕ್ಕೇ ಸೇರಿದುವು.

ಇಂದಿಗೂ ನಾವು ‘ಹನ್ನೆರಡು ಬೋರು’ ಎನ್ನುತ್ತೇವಷ್ಟೆ. ಈ ಅಂಕಿ ಅಂಗುಲವೂ ಅಲ್ಲ, ಗೆರೆಯೂ ಅಲ್ಲ. ಒಂದು ಪೌಂಡು ಸೀಸದಿಂದ ಆ ನಳಿಗೆಗೆ ಒಪ್ಪುವ ಗುಂಡುಗಳನ್ನು ಎರಕ ಹೊಯ್ದರೆ ಎಷ್ಟು ಗುಂಡಾಗುವುದೋ ಅದೇ ಬೋರಿನ ಸಂಖ್ಯೆ. ಹನ್ನೆರಡಾದರೆ ಹನ್ನೆರಡು ಬೋರು. ಹದಿನಾರಾದರೆ ಬಾಯಿ ಅದಕ್ಕಿಂತ ಕಿರಿದು. ಮನೆಯ ಒಲೆಯಲ್ಲಿ ಸೀಸ ಕರಗಿಸುತ್ತಿದ್ದವರ ಲೆಕ್ಕವಿದು. ಕಾರ್ಖಾನೆಯ ಯುಗ ಬಂದು ನೂರೈವತ್ತು ವರ್ಷಗಳಾದರೂ ಒಲೆಯ ಲೆಕ್ಕ ಮಾತಿನಲ್ಲಿ ಉಳಿದುಕೊಂಡಿದೆ.

ಎಲ್ಲ ಕೋವಿಗೂ ಒಂದೇ ಬಾಯಿ ಇರಬೇಕೆಂಬ ಅಗತ್ಯ ಮೊದಲು ಕಂಡದ್ದು ಸೈನ್ಯಗಳಿಗೆ. ಸಾವಿರಾರು ಸಿಪಾಯಿಗಳು ತಮ್ಮ ತಮ್ಮ ಅಚ್ಚು ಹೊತ್ತು ನಡೆಯಲಾರರು. 1783ರ ಜನವರಿಯಲ್ಲಿ ಜನರಲ್ ಮ್ಯಾಥ್ಯೂಸನು ಕುಂದಾಪುರವನ್ನು ಹಿಡಿದು, ಹೊಸಂಗಡಿಯ ಘಟ್ಟವನ್ನು ಹತ್ತಿ ಬಿದನೂರನ್ನು ಸೇರಿದಾಗ ಅವನ ದಂಡಿನವರ ಹೆಗಲ ಮೇಲಿದ್ದ ಮಸ್ಕೆಟ್ಟುಗಳ ಬಾಯಿ ಹೆಚ್ಚುಕಡಮೆ ಮುಕ್ಕಾಲು ಅಂಗುಲದ್ದು. ಮದ್ದು ಗುಂಡುಗಳನ್ನು ಕಾಗದದ ಸುರುಳಿಯಲ್ಲಿ ಕಟ್ಟಿ ಪೆಟ್ಟಿಗೆ ಪೆಟ್ಟಿಗೆಯಾಗಿ ಹೊರಿಸಿದ್ದರು. ಅದೇ ವಸಂತದಲ್ಲಿ ಟೀಪು ಬಿದನೂರನ್ನು ಮರಳಿ ಪಡೆದು ಮ್ಯಾಥ್ಯೂಸನನ್ನು ಸೆರೆಹಿಡಿದದ್ದು ಬೇರೆ ಕತೆ. ನಮಗೆ ಬೇಕಾದದ್ದು ಇಷ್ಟೇ: ಸರಕಾರದ ಗುಂಡಿಗೆ ಒಂದು ಗೊತ್ತಾದ ಅಳತೆ ಉಂಟು ಎಂಬ ಸಂಗತಿ ಈ ಕರಾವಳಿಯ ದಾರಿಯಲ್ಲೇ ನಡೆದುಹೋಯಿತು.

ಸರಕಾರಕ್ಕೊಂದು ಅಳತೆಯಾದ ಮೇಲೆ ಪ್ರಜೆಗೆ ಇನ್ನೊಂದು ಅಳತೆ ಬೇಕೆಂಬ ವಿಚಾರ ಹುಟ್ಟಿದ್ದು 1857ರ ಅನಂತರ. ಆ ದಂಗೆಗೆ ಎನ್‌ಫೀಲ್ಡ್ ಬಂದೂಕಿನ ಕೊಬ್ಬು ಸವರಿದ ತೋಟಾ ನೆಪವಾಯಿತೆಂಬುದನ್ನು ಶಾಲೆಯ ಹುಡುಗರೂ ಬಲ್ಲರು. ದಂಗೆ ಅಡಗಿದ ಮೇಲೆ ನಡೆದದ್ದು ಅಷ್ಟು ಪ್ರಸಿದ್ಧವಲ್ಲ. ಎನ್‌ಫೀಲ್ಡಿನ ನಳಿಗೆಯೊಳಗೆ ಸುರುಳಿಗೆರೆಗಳಿದ್ದುವು. ಗುಂಡು ತಿರುಗುತ್ತ ಹೊರಟು ದೂರದ ಗುರಿಯನ್ನು ಮುಟ್ಟುವುದಕ್ಕೆ ಆ ಗೆರೆಗಳೇ ಕಾರಣ. ದೇಶೀ ಸಿಪಾಯಿಗಳಿಗೆಂದು ಇಂಗ್ಲಿಷರು 1858ರಲ್ಲಿ ಗೊತ್ತುಮಾಡಿದ ಮಾದರಿಯಲ್ಲಿ ಈ ಗೆರೆಗಳನ್ನು ಕೆರೆದು ತೆಗೆದು ನಳಿಗೆಯನ್ನು ನುಣ್ಣಗೆ ಮಾಡಿದ್ದರು. .577 ಅಂಗುಲವಿದ್ದ ಬಾಯಿ .656 ಅಂಗುಲವಾಯಿತು. ಹೊರಗಿನ ರೂಪ ಅದೇ, ತೂಕ ಬಹುಮಟ್ಟಿಗೆ ಅದೇ. ಗುರಿ ಮಾತ್ರ ಹೋಯಿತು. ಆಯುಧವನ್ನು ಕೊಟ್ಟಂತೆಯೂ ಆಗಬೇಕು, ಕೊಡದಂತೆಯೂ ಆಗಬೇಕು ಎಂಬ ಈ ಚಾತುರ್ಯವನ್ನು ನಮ್ಮ ಶ್ರೋತೃಗಳು ನೆನಪಿನಲ್ಲಿಡಬೇಕು. ಮುಂದೆ ಅದು ಮತ್ತೆ ಬರುತ್ತದೆ.

ಪ್ರಜೆಗಳ ವಿಷಯದಲ್ಲಿ ಇಷ್ಟು ನಾಜೂಕು ಇರಲಿಲ್ಲ. 1857ರಲ್ಲೇ ನಿಶ್ಶಸ್ತ್ರೀಕರಣದ ಕಾಯಿದೆ ಬಂದಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಆಯುಧವನ್ನು ಒಪ್ಪಿಸಲಾರೆವೆಂದರು. ಬೇಟೆ ಅವರ ವೃತ್ತಿ, ಕೋವಿ ಅವರ ಮಾನ. ಆ ವರ್ಷದ ನವೆಂಬರ್ ಕೊನೆಯಲ್ಲಿ ಸೈನ್ಯ ಊರನ್ನು ಮುತ್ತಿ ಸುಟ್ಟಿತು. ಡಿಸೆಂಬರಿನಲ್ಲಿ ಹತ್ತೊಂಬತ್ತು ಮಂದಿಯನ್ನು ಗಲ್ಲಿಗೇರಿಸಿದರು. ಉತ್ತರ ಕರ್ನಾಟಕದ ಲಾವಣಿಕಾರರು ಈ ಕಥೆಯನ್ನು ತಲೆಮಾರುಗಳ ಕಾಲ ಹಾಡಿದರು. ಇದಾಗಿ ನಾಲ್ಕು ವರ್ಷ ಕಳೆಯುವುದರೊಳಗೆ, 1861ರಲ್ಲಿ, ಅದೇ ಕಾಯಿದೆಯಿಂದ ಕೊಡಗರಿಗೆ ವಿನಾಯಿತಿ ದೊರೆಯಿತು. ಮಾರ್ಕ್ ಕಬ್ಬನ್ನನು ಅವರ ರಾಜನಿಷ್ಠೆಯನ್ನು ಹೊಗಳಿ ಘೋಷಣೆ ಹೊರಡಿಸಿದನು. ಆ ವಿನಾಯಿತಿ ರೂಪಾಂತರಗಳೊಡನೆ ಇಂದಿಗೂ ನಡೆದುಬಂದಿದೆ. 2019ರಲ್ಲಿ ಕೇಂದ್ರ ಸರಕಾರ ಅದನ್ನು 2029ರ ವರೆಗೆ ಮುಂದುವರಿಸಿತು, 2021ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಕುಂದಾಪುರದ ಸೀಮೆಗೆ ಹಲಗಲಿಯ ದುರಂತವೂ ಇಲ್ಲ, ಕೊಡಗಿನ ಭಾಗ್ಯವೂ ಇಲ್ಲ. 1862ರಲ್ಲಿ ಉತ್ತರ ಕನ್ನಡ ಮುಂಬಯಿಗೆ ಹೋದಾಗ ಕುಂದಾಪುರ ಮದರಾಸಿನಲ್ಲೇ ಉಳಿಯಿತು. 1878ರಲ್ಲಿ ಲಿಟ್ಟನ್ನನ ಆಯುಧ ಕಾಯಿದೆ ಬಂದಾಗ ಇಲ್ಲಿಯ ರೈತ ಎಲ್ಲರಂತೆ ಅರ್ಜಿ ಬರೆದು ಕಚೇರಿಯ ಬಾಗಿಲಲ್ಲಿ ನಿಂತನು.

ಇಷ್ಟರಲ್ಲಿ ಕೋವಿಯೇ ಬದಲಾಗಿತ್ತು. ವಿಚಿತ್ರವೆಂದರೆ, ಇಲ್ಲಿ ತೋಟಾದಿಂದ ದಂಗೆಯೆದ್ದ 1857ನೆಯ ವರ್ಷದಲ್ಲೇ ಅಮೆರಿಕದಲ್ಲಿ ಸ್ಮಿತ್ ಮತ್ತು ವೆಸ್ಸನ್ ಎಂಬವರು ಲೋಹದ ತೋಟಾ ಹಾರಿಸುವ ಸಣ್ಣ ರಿವಾಲ್ವರನ್ನು ಮಾರಾಟಕ್ಕಿಟ್ಟರು. ಮದ್ದು, ಗುಂಡು, ಕಿಡಿ ಮೂರೂ ಒಂದೇ ಚಿಪ್ಪಿನಲ್ಲಿ. ಎಂಥ ಅನುಕೂಲ! ಆದರೆ ಅಂದಿನಿಂದ ಗುಂಡಿನ ಅಚ್ಚು ಮನೆಯಿಂದ ಕಾರ್ಖಾನೆಗೆ ಹೋಯಿತು. ಕೋವಿಯನ್ನು ಒಮ್ಮೆ ಕೊಂಡರೆ ಸಾಲದು; ಅದರ ಬಾಯಿಗೆ ಸರಿಯಾದ ತೋಟಾವನ್ನು ಯಾರೋ ಎಲ್ಲಿಯೋ ತಯಾರಿಸುತ್ತಲೇ ಇರಬೇಕು. ಅವರು ನಿಲ್ಲಿಸಿದ ದಿನ ಕೋವಿ ಬರಿಯ ಕಬ್ಬಿಣ.

ಈ ಅವಲಂಬನೆಯನ್ನು ಸರಕಾರ ಚೆನ್ನಾಗಿ ಅರಿತುಕೊಂಡಿತು. ಇದಕ್ಕೆ ಅತ್ಯಂತ ಸ್ವಾರಸ್ಯವಾದ ನಿದರ್ಶನ 1907ರ ಸುಮಾರಿನದು. ಇಂಗ್ಲೆಂಡಿನ ರಿಗ್ಬಿ ಎಂಬ ಕೋವಿಗಾರನ ಮನೆ 1898ರಲ್ಲಿ .450 ಅಂಗುಲದ ಬಾಯಿಯ, ಹೊಗೆಯಿಲ್ಲದ ಮದ್ದಿನ ಭಾರಿ ಬೇಟೆಕೋವಿಯನ್ನು ಹೊರತಂದಿತ್ತು. ಆನೆ ಹುಲಿಗಳ ಬೇಟೆಗೆ ದೊರೆಗಳೂ ಮಹಾರಾಜರೂ ಅದನ್ನೇ ಬಯಸುತ್ತಿದ್ದರು. ಆದರೆ ಸೈನ್ಯದ ಹಳೆಯ ಮಾರ್ಟಿನಿ-ಹೆನ್ರಿ ಬಂದೂಕಿನ ಬಾಯಿಯೂ .450. ಅಂಥ ಬಂದೂಕುಗಳು ವಾಯವ್ಯ ಗಡಿಯಲ್ಲಿಯೂ ಸುಡಾನಿನಲ್ಲಿಯೂ ಕಳವಾಗಿ ಎದುರಾಳಿಗಳ ಕೈಸೇರಿದ್ದುವು. ಬೇಟೆಗಾರನಿಗೆಂದು ಬಂದ ಗುಂಡು ದಂಗೆಗಾರನ ನಳಿಗೆಗೆ ಇಳಿದೀತೆಂಬ ಭೀತಿಯಿಂದ ಹಿಂದೂಸ್ಥಾನ ಮತ್ತು ಸುಡಾನುಗಳಿಗೆ ಆ ಅಳತೆಯ ಆಮದನ್ನೇ ನಿಷೇಧಿಸಿದರು. ಲಂಡನ್ನಿನ ಕೋವಿಗಾರರು ಏನು ಮಾಡಿದರು? ಬಾಯಿಯನ್ನು ಕೂದಲೆಳೆಯಷ್ಟು ಬದಲಾಯಿಸಿದರು! ಲ್ಯಾಂಗನು .470 ತಂದನು, ಹಾಲೆಂಡ್ ಮನೆಯವರು.465 ತಂದರು; .475ರ ಹಲವು ಬಗೆಗಳು ಬಂದುವು. ಹೀಗೆ ಭಯದಿಂದ ಹುಟ್ಟಿದ ವಿರಳವಾದ ಅಳತೆಗಳಲ್ಲಿ .470 ಇಂದು ಭಾರಿ ಬೇಟೆಯ ಜಗತ್ತಿನಲ್ಲಿ ರಾಜಮಾನ್ಯವಾದ ಅಳತೆ. ಅದು ಹುಟ್ಟಿದ್ದು ನಮ್ಮ ದೇಶದ ಒಂದು ಆಮದು ನಿಷೇಧದಿಂದ ಎಂಬುದನ್ನು ಬಲ್ಲ ಬೇಟೆಗಾರರು ಎಷ್ಟು ಮಂದಿಯೋ!

ಸೈನ್ಯದ .303 ಬಂದೂಕಿನದೂ ಇದೇ ಕತೆ. ಆ ಬಾಯಿ ಪ್ರಜೆಗೆ ಸಲ್ಲದು. ಅದಕ್ಕೆ ಬದಲಾಗಿ .315 ಎಂಬ ಅಳತೆ ಇಲ್ಲಿ ಬೇರೂರಿತು. ಮೂಲತಃ ಅದು ಆಸ್ಟ್ರಿಯಾ-ಹಂಗೇರಿಯ ಸೈನ್ಯದ ಎಂಟು ಮಿಲಿಮೀಟರಿನ ಮ್ಯಾನ್ಲಿಖರ್ ತೋಟಾ. ಆ ಸಾಮ್ರಾಜ್ಯ 1918ರಲ್ಲಿ ಅಳಿಯಿತು. ಅದರ ಗುಂಡು ಬಂಗಾಳದ ಈಶಾಪುರದ ಬಂದೂಕು ಕಾರ್ಖಾನೆಯಲ್ಲಿ ತಯಾರಾದ ಬೇಟೆಕೋವಿಯೊಳಗೆ ಬದುಕಿಕೊಂಡಿತು. ಪೊಲೀಸರಿಗೂ ಕಾವಲಿನವರಿಗೂ ಅದೇ ಈಶಾಪುರದಲ್ಲಿ ಸೈನ್ಯದ ಬಂದೂಕಿನ ಮೈಗೆ .410ರ ನುಣುಪು ನಳಿಗೆಯನ್ನು ಕೂಡಿಸಿ ಕೊಟ್ಟರು. 1858ರ ಚಾತುರ್ಯ ಮರೆತುಹೋಗಿರಲಿಲ್ಲ.

ಸರಕಾರದ ಅಂಜಿಕೆ ಕೇವಲ ಕಲ್ಪನೆಯೆಂದು ಹೇಳುವಂತಿಲ್ಲ. 1914ರ ಆಗಸ್ಟಿನಲ್ಲಿ ಕಲಕತ್ತೆಯ ರೋಡಾ ಕಂಪನಿಯ ಸರಕಿನಿಂದ ಕ್ರಾಂತಿಕಾರರು 50 ಮೌಸರ್ ಪಿಸ್ತೂಲುಗಳನ್ನೂ ಸುಮಾರು 46,000 ತೋಟಾಗಳನ್ನೂ ಹಾರಿಸಿಕೊಂಡು ಹೋದರು. ಇಲ್ಲಿ ನಾವು ಗಮನಿಸಬೇಕಾದದ್ದು ಎರಡನೆಯ ಅಂಕಿ. ಮೌಸರಿನ ಅಳತೆ ಬ್ರಿಟಿಷ್ ಸೈನ್ಯದ್ದಲ್ಲ. ಅದರ ತೋಟಾವನ್ನು ಸಿಪಾಯಿಯಿಂದ ಕದಿಯುವಂತಿಲ್ಲ, ಪೇಟೆಯಲ್ಲಿ ಬಹಿರಂಗವಾಗಿ ಕೇಳುವಂತಿಲ್ಲ. ತೋಟಾಗಳ ಪೆಟ್ಟಿಗೆ ಸಿಗದೆ ಪಿಸ್ತೂಲುಗಳು ಮಾತ್ರ ಸಿಕ್ಕಿದ್ದರೆ ಆ ಕಳವಿನ ಕತೆ ಅಲ್ಲಿಗೇ ಮುಗಿಯುತ್ತಿತ್ತು.

ಈಗ ಬತ್ತೀಸಿಗೆ ಬರೋಣ. ಸ್ವಾತಂತ್ರ್ಯ ಬಂದಿತು, 1878ರ ಕಾಯಿದೆ ಹೋಗಿ 1959ರ ಆಯುಧ ಕಾಯಿದೆ ಬಂದಿತು, 1962ರಲ್ಲಿ ಅದರ ನಿಯಮಗಳು ಬಂದುವು. ಆ ನಿಯಮಗಳ ಮೊದಲ ಅನುಸೂಚಿಯನ್ನು ಓದಿದಾಗ ನಮಗೆ 1907ರ ಅಧಿಕಾರಿಯೇ ಕುಳಿತು ಬರೆದಂತೆ ತೋರಿತು. .303 ಅಥವಾ 7.62 ಮಿಲಿಮೀಟರಿನ ಸೈನ್ಯದ ಗುಂಡು ಇಳಿದು ಹಾರಬಲ್ಲ ಯಾವ ರೈಫಲೂ, .410ರ ಮಸ್ಕೆಟ್ಟೂ, .380, .455, ಸೈನ್ಯದ 9 ಮಿಲಿಮೀಟರ್, .45 ಈ ತೋಟಾಗಳು ಇಳಿದು ಹಾರಬಲ್ಲ ಯಾವ ಪಿಸ್ತೂಲು ರಿವಾಲ್ವರೂ ಸಾಮಾನ್ಯನ ವರ್ಗದ ಹೊರಗೆ. ಆಯುಧ ಎಷ್ಟು ಭಯಂಕರವೆಂಬುದು ಇಲ್ಲಿ ಪ್ರಶ್ನೆಯಲ್ಲ. ಅದರ ಬಾಯಿ ಸರಕಾರದ ಗುಂಡಿಗೆ ಒಪ್ಪುವುದೇ ಎಂಬುದೇ ಪ್ರಶ್ನೆ. ಪ್ರಪಂಚದಲ್ಲಿ ಸರ್ವಸಾಧಾರಣವಾದ ಅಳತೆಗಳೆಲ್ಲ ಯಾವುದಾದರೊಂದು ಸೈನ್ಯದ ಅಳತೆಗಳೇ ಆದಕಾರಣ, ಪ್ರಜೆಯ ಪಾಲಿಗೆ ಉಳಿದುವು ಅಸಾಧಾರಣವಾದುವು: .22, .25, .32.

ಇವುಗಳಲ್ಲಿ .32 ರಿವಾಲ್ವರಿನ ತೋಟಾ 1896ರಲ್ಲಿ ಸ್ಮಿತ್ ವೆಸ್ಸನ್ ಮನೆಯಲ್ಲಿ ಹುಟ್ಟಿದ್ದು. ಅಮೆರಿಕದ ಪೊಲೀಸರು ಒಂದು ಕಾಲದಲ್ಲಿ ಅದನ್ನು ಕಟ್ಟಿಕೊಂಡಿದ್ದರು; ಆಮೇಲೆ .38ಕ್ಕೆ ಹೋದರು. ಇಂದು ಪಶ್ಚಿಮ ದೇಶಗಳಲ್ಲಿ ಅದನ್ನು ಮುಖ್ಯವಾಗಿ ಉಳಿಸಿಕೊಂಡಿರುವವರು 25 ಮೀಟರ್ ದೂರದ ಗುರಿಸ್ಪರ್ಧೆಯವರು. ಒದೆತ ಕಡಮೆ, ನಿಖರತೆ ಹೆಚ್ಚು, ಏಟು ಮೃದು. ಅಲ್ಲಿ ಕ್ರೀಡೆಯ ಮೂಲೆಗೆ ಸರಿದ ಈ ತೋಟಾ ಇಲ್ಲಿ ಮಾತ್ರ ಪರವಾನಗಿದಾರನ ಪ್ರಧಾನ ಅಳತೆಯಾಯಿತು. 1980ರ ದಶಕದ ಮಧ್ಯಭಾಗದಿಂದ ಸಾಮಾನ್ಯರಿಗೆ ವಿದೇಶದ ಕೋವಿ ತರಿಸುವ ದಾರಿ ಮುಚ್ಚಿತು. ಅನಂತರ ಕಾನ್ಪುರದ ಸರಕಾರಿ ಕಾರ್ಖಾನೆಗಳು .32 ರಿವಾಲ್ವರನ್ನು ಮಾಡಿ ಮಾರತೊಡಗಿದುವು. ಅದರ ಮೈಕಟ್ಟು ಯಾವುದು ಬಲ್ಲಿರಾ? ಇಂಗ್ಲಿಷರ ವೆಬ್ಲಿಯದು, ಯುದ್ಧಕಾಲದಲ್ಲಿ.38 ಗುಂಡು ಹಾರಿಸಿದ ಮಾದರಿ. ಹೊರರೂಪ ಅದೇ, ಬಾಯಿ ಮಾತ್ರ ಕಿರಿದು. ಸಿಪಾಯಿಯ ನಳಿಗೆಯ ಗೆರೆಗಳನ್ನು ಕೆರೆದ ಕೈಯೇ ಇಲ್ಲಿಯೂ ಕೆಲಸಮಾಡಿದೆ ಎಂದರೆ ಅತಿಶಯೋಕ್ತಿಯಾಗಲಾರದು. 2020ರಲ್ಲಿ ಅದೇ ವೆಬ್ಲಿ ಕಂಪನಿ ಉತ್ತರ ಪ್ರದೇಶದಲ್ಲಿ ತನ್ನ ಕಾರ್ಖಾನೆ ತೆರೆಯುವುದಾಗಿ ಸಾರಿದಾಗ ಮೊದಲು ಮಾಡಹೊರಟದ್ದೂ .32 ರಿವಾಲ್ವರನ್ನೇ.

ಇನ್ನು ‘ಕಡ್ಮಿ ಕ್ರಯ’ದ ಮಾತು. 2014ರ ಜನವರಿಯಲ್ಲಿ ಕಾನ್ಪುರದವರು ಹೆಂಗಸರ ರಕ್ಷಣೆಗೆಂದು ‘ನಿರ್ಭೀಕ್’ ಎಂಬ ಹಗುರ ರಿವಾಲ್ವರನ್ನು ತಂದರು. ತೂಕ 500 ಗ್ರಾಮು, ಬಾಯಿ ಅದೇ.32, ಕ್ರಯ 1,22,360 ರೂಪಾಯಿ. ಭಯದಿಂದಿರುವ ಹೆಂಗಸರಲ್ಲಿ ಎಷ್ಟು ಮಂದಿಯ ಬಳಿ ಅಷ್ಟು ಹಣವಿದ್ದೀತೆಂದು ಆಗಲೇ ಅನೇಕರು ಕೇಳಿದರು. ಮಾರುವವರು ಕೆಲವರೇ, ಅಳತೆ ಒಂದೇ, ಆಮದಿಲ್ಲ. ಹೀಗಿರಲಾಗಿ ಕ್ರಯ ಇಳಿಯುವುದೆಲ್ಲಿಂದ? ಆಮದು ನಿಲ್ಲುವ ಮುನ್ನ ಬಂದ ಹಳೆಯ ವಿದೇಶೀ ಪಿಸ್ತೂಲುಗಳಂತೂ ಕೈಯಿಂದ ಕೈಗೆ ಹೋಗುತ್ತ ತಮ್ಮ ಊರಿನ ಬೆಲೆಯ ಹಲವು ಪಟ್ಟಿಗೆ ಮಾರುತ್ತವೆ. ಅಗ್ಗವಾದದ್ದು ಕಳ್ಳಸಂತೆಯ ನಾಡಪಿಸ್ತೂಲು ಮಾತ್ರ. ಅದರ ಬಾಯಿಯೂ ಸಾಮಾನ್ಯವಾಗಿ.315 ಅಥವಾ ಹನ್ನೆರಡು ಬೋರು, ಏಕೆಂದರೆ ಆ ತೋಟಾಗಳು ಸಿಗುತ್ತವೆ. ಅದರ ನಳಿಗೆ ಒಡೆದು ಹಾರಿಸಿದವನ ಬೆರಳನ್ನೇ ಒಯ್ಯುವುದೂ ಉಂಟು. ಕಾಯಿದೆಗೆ ಅಂಜಿದ ಅಳತೆ ಕಳ್ಳನ ಕಮ್ಮಟವನ್ನೂ ಆಳುತ್ತಿದೆ ನೋಡಿ!

ಇಷ್ಟನ್ನೂ ನಾವು ಆ ಹಿರಿಯರಿಗೆ ಒಂದು ಸಂಜೆ ವಿಸ್ತರಿಸಿ ಹೇಳಿದೆವು. ಕಾಯಿದೆಯ ಇನ್ನೊಂದು ವಿಶೇಷವನ್ನೂ ತಿಳಿಸಿದೆವು. 1959ರ ಕಾಯಿದೆಯ 13ನೆಯ ಪ್ರಕರಣದಲ್ಲಿ, ಬೆಳೆಯ ರಕ್ಷಣೆಗೆ ನಿಜವಾಗಿ ಬೇಕಾದವನಿಗೆ ಬಾಯಿಯಿಂದ ಮದ್ದು ತುಂಬುವ ಕೋವಿಯ ಪರವಾನಗಿ ಕೊಡತಕ್ಕದ್ದೆಂದಿದೆ. ಅದು ಸಾಲದೆಂದು ತೋರಿದರೆ ಮಾತ್ರ ತೋಟಾ ಕೋವಿ. ಪಿಸ್ತೂಲಾದರೋ ‘ಯೋಗ್ಯವಾದ ಕಾರಣ’ ಉಂಟೆಂದು ಅಧಿಕಾರಿಗೆ ತೃಪ್ತಿಯಾಗಬೇಕು. ಎಂದರೆ ಅವರ ಅಜ್ಜನ ಕೇಪಿನ ಕೋವಿಯನ್ನು ಬಡವನ ಹಳೆಯ ಸಾಮಾನೆಂದು ಹಳಿಯುವಂತಿಲ್ಲ. ರೈತನಿಗೆಂದು ಕಾಯಿದೆಯೇ ಮೊದಲು ಹೆಸರಿಸಿದ ಆಯುಧವದು. ಅದರ ಬಾಯಿಗೆ ಯಾವ ಸೈನ್ಯದ ಗುಂಡೂ ಇಳಿಯದು. ಯಾವ ಕಾರ್ಖಾನೆ ನಿಂತರೂ ಅದು ಹಸಿವಿನಿಂದ ಸಾಯದು. ಮದ್ದು ಕೇಪುಗಳಿಗೆ ಪರವಾನಗಿ ಬೇಕು, ನಿಜ. ಆದರೆ ಚರೆಯನ್ನು ಬೇಕಾದಷ್ಟೇ ಹಾಕಬಹುದು. ಕಾಡುಪ್ರಾಣಿಯ ಮೇಲೆ ಹಾರಿಸುವುದಕ್ಕೆ 1972ರ ವನ್ಯಜೀವಿ ಕಾಯಿದೆಯ ತಡೆಯಿದೆ ಎಂಬುದನ್ನು ಅವರೇ ನಮಗೆ ಹೇಳಿದರು. ಸದ್ದು ಮಾಡಿ ಓಡಿಸುವುದಕ್ಕೆ ತಮ್ಮ ಕೋವಿ ಇರುವುದೆಂದರು. ಸದ್ದಿಗೆ ಬತ್ತೀಸಿನ ಪಿಸ್ತೂಲು ಕೇಪಿನ ಕೋವಿಯ ಮುಂದೆ ಏನೂ ಅಲ್ಲವೆಂದು ನಾವು ಹೇಳಿದ್ದಕ್ಕೆ ನಕ್ಕರು.

ಆಮೇಲೆ ಒಳಗೆ ಹೋಗಿ ಒಂದು ಬಟ್ಟೆಯ ಗಂಟನ್ನು ತಂದು ಬಿಚ್ಚಿದರು. ಅದರಲ್ಲಿ ಇಕ್ಕುಳದ ಆಕಾರದ ಒಂದು ಹಿತ್ತಾಳೆಯ ಅಚ್ಚು. ಎರಡು ದವಡೆಗಳ ನಡುವೆ ಗೋಲಿಯಂಥ ಒಂದು ಗುಳಿ. ಅಜ್ಜನ ಕಾಲದ್ದೆಂದರು. ನಾವು ಅಡಕೆಯೊಂದನ್ನು ಆ ಗುಳಿಯಲ್ಲಿಟ್ಟು ನೋಡಿದೆವು, ಹಿಡಿಸಲಿಲ್ಲ. ಅಂಗುಲದಲ್ಲಿ ಎಷ್ಟಾಗಬಹುದೆಂದು ಕೇಳಿದಾಗ, ಅದನ್ನು ಅಳೆದವರೇ ಇಲ್ಲವೆಂಬ ಉತ್ತರ ಬಂತು.

ಕೋವಿಯನ್ನು ನೋಡಬಹುದೇ ಎಂದೆವು. ಈಗ ಮನೆಯಲ್ಲಿಲ್ಲ, ಚುನಾವಣೆಯಾದ್ದರಿಂದ ಠಾಣೆಯಲ್ಲಿ ಇಟ್ಟು ಬಂದಿದ್ದೇನೆ ಎಂದರು. ಪ್ರತಿ ಚುನಾವಣೆಗೂ ಹೀಗೆಯೇ. ಫಲಿತಾಂಶ ಬಂದ ಮೇಲೆ ರಸೀದಿ ತೋರಿಸಿ ತಿರುಗಿ ತರಬೇಕು. ಮೂಡಲ ತೋಟದ ಕಡೆಗೆ ಕೈತೋರಿಸಿ, “ಹಂದಿಗೂ ಎಲೆಕ್ಷನ್ ಗೊತ್ತಾತ್ತ್ ಕಾಣಿ” ಎಂದು ಅಚ್ಚನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿದರು.